ಐದು ವರ್ಷ ದಾಟಿದವರ ಮಾತು

ತೂಕ ಇಳಿಸೋ ಸರ್ಜರಿ ಆಗಿ ಡಿಸ್ಚಾರ್ಜ್ ಆಗುವಾಗ ಕೈಗೆ ಕೊಡ್ತಾರಲ್ಲ ಹಾಳೆಗಳು, ಅದ್ರಲ್ಲಿ ಬೇಕಾದ್ದೆಲ್ಲ ಇರತ್ತೆ. ಮೊದಲು ಬರೀ ತಿಳಿ ದ್ರವ, ಆಮೇಲೆ ಸ್ವಲ್ಪ ಗಟ್ಟಿ ದ್ರವ, ಆಮೇಲೆ ನುಣ್ಣಗೆ ರುಬ್ಬಿದ್ದು, ಆಮೇಲೆ ಮೆತ್ತಗಿನದು, ಒಂದೂವರೆ ಎರಡು ತಿಂಗಳ ಹೊತ್ತಿಗೆ ಮಾಮೂಲಿ ಊಟ. ದಿನಕ್ಕೆ 60ರಿಂದ 80 ಗ್ರಾಂ ಪ್ರೋಟೀನ್, ಒಂದೂವರೆ ಲೀಟರ್ ನೀರು ಗುಟುಕು ಗುಟುಕಾಗಿ, ಊಟದ ಜೊತೆ ನೀರು ಬೇಡ, ಊಟ ಆಗಿ ಅರ್ಧ ಗಂಟೆ ಬಿಟ್ಟು ಕುಡೀರಿ, ಚೆನ್ನಾಗಿ ಅಗೀರಿ, ಹೊಟ್ಟೆ ತುಂಬಿತು ಅನ್ನಿಸಿದ ತಕ್ಷಣ ನಿಲ್ಲಿಸಿ. ಎಲ್ಲಾ ಸರಿ. ಆದ್ರೆ ಆ ಕೊನೇ ಸಾಲಿನ ಹತ್ರ ಬಂದು ನಿಂತವರಿಗೆ ಗೊತ್ತು ಅದು ಎಷ್ಟು ಕಷ್ಟದ್ದು ಅಂತ. ವರ್ಷಗಟ್ಟಲೆ ದಪ್ಪ ಇದ್ದವರಿಗೆ ಹೊಟ್ಟೆ ತುಂಬಿದ್ದು ಗೊತ್ತಾಗೋ ರೀತಿನೇ ಬೇರೆ ಆಗಿರತ್ತೆ, ಈಗ ಆ ಹೊಟ್ಟೇನೇ ಬದಲಾಗಿದೆ, ಹಳೇ ಲೆಕ್ಕ ಯಾವುದೂ ನಡೆಯಲ್ಲ. ಬೈಪಾಸ್, ಅಂದ್ರೆ ಹೊಟ್ಟೆಯ ಮೇಲ್ಭಾಗದಲ್ಲಿ ಸಣ್ಣ ಚೀಲ ಮಾಡಿ ಅದನ್ನ ಸೀದಾ ಸಣ್ಣ ಕರುಳಿಗೆ ಜೋಡಿಸೋ ಸರ್ಜರಿ, ಆದವರಿಗೆ ಊಟ ಹೋಗಿ ಕೂರೋ ಜಾಗ ಮೊದಮೊದಲು ಸುಮಾರು 30 ಎಂಎಲ್, ಅಂದ್ರೆ ಎರಡು ದೊಡ್ಡ ಚಮಚದಷ್ಟು. ಅಷ್ಟು ಸಣ್ಣ ಜಾಗ ತುಂಬಿದ್ದು ಗೊತ್ತಾಗೋದು ಹೇಗೆ?

ನನಗೆ ಇದನ್ನ ಹೇಳಿಕೊಟ್ಟಿದ್ದು ನಮ್ಮ ಸಪೋರ್ಟ್ ಗ್ರೂಪ್‌ನಲ್ಲಿದ್ದ ಒಬ್ಬ ಅಕ್ಕ. ಅವರಿಗೆ ಬೈಪಾಸ್ ಆಗಿ ಆಗಲೇ ಏಳೆಂಟು ವರ್ಷ ಆಗಿತ್ತು. ನಾನು ಊಟ ಆದ್ಮೇಲೆ ಎದೆ ಮೂಳೆ ಕೆಳಗೆ ಏನೋ ಸಿಕ್ಕಿಹಾಕಿಕೊಂಡ ಹಾಗೆ ಒತ್ತತ್ತೆ, ಬಾಯಲ್ಲಿ ನೊರೆ ನೊರೆ ಜೊಲ್ಲು ತುಂಬಿಕೊಳ್ಳತ್ತೆ, ಆಮೇಲೆ ಅರ್ಧ ಗಂಟೆ ಯಾವುದಕ್ಕೂ ಬೇಡ ಆಗ್ತೀನಿ ಅಂತೆಲ್ಲ ಹೇಳ್ತಾ ಇದ್ದೆ. ಅವರು ಪೂರ್ತಿ ಕೇಳಿಸಿಕೊಂಡು ಒಂದೇ ಪ್ರಶ್ನೆ ಕೇಳಿದ್ರು. "ಊಟ ಮಾಡ್ವಾಗ ಮೂಗು ಸೋರತ್ತಾ?"

ಸೋರ್ತಿತ್ತು. ನೆಗಡಿ ಇರಬಹುದು ಅಂದ್ಕೊಂಡು ಒರೆಸಿಕೊಂಡು ತಿಂತಾ ಇದ್ದೆ.

"ಅದೇ ನಿನ್ನ ಎಚ್ಚರಿಕೆ ಗಂಟೆ" ಅಂದ್ರು. "ನಂಗೂ ಮೂಗು. ಇವರಿಗೆ ಒಂದೇ ಒಂದು ಬಿಕ್ಕಳಿಕೆ ಬರತ್ತೆ, ಅಲ್ಲಿ ಕೂತಿದಾರಲ್ಲ ಅವರಿಗೆ ಸೀನು. ಕೆಲವರಿಗೆ ತಾನಾಗಿ ಒಂದು ದೊಡ್ಡ ಉಸಿರು ಹೊರಗೆ ಬರತ್ತೆ. ಒಬ್ಬೊಬ್ಬರಿಗೆ ಒಂದೊಂದು. ಹೊಟ್ಟೆ ತುಂಬಿತು ಅಂತ ಹೊಟ್ಟೆ ಹೇಳೋ ಹೊತ್ತಿಗೆ ಒಂದು ಚಮಚ ಜಾಸ್ತಿ ಹೋಗಿರತ್ತೆ ಕಣೋ, ಮೂಗು ಅದಕ್ಕೆ ಮೊದ್ಲೇ ಹೇಳತ್ತೆ. ಮೂಗು ಸೋರಿದ ತಕ್ಷಣ ಚಮಚ ಕೆಳಗಿಡು, ಕೈ ತೊಡೆ ಮೇಲಿಟ್ಕೊ, ಎರಡು ನಿಮಿಷ ಸುಮ್ನೆ ಕೂತ್ಕೊ. ಇನ್ನೂ ಬೇಕು ಅನ್ಸಿದ್ರೆ ಇನ್ನೊಂದು ತಗೊ. ಬೇಕು ಅನ್ಸಲ್ಲ, ನೋಡ್ತಿರು."

ಮರುದಿನ ಬೇಯಿಸಿದ ಮೊಟ್ಟೆ ಹಿಸುಕಿ ಇಟ್ಕೊಂಡು ಚಿಕ್ಕ ಚಮಚದಲ್ಲಿ ತಿಂತಾ ಕೂತೆ. ಅರ್ಧ ಮೊಟ್ಟೆ ದಾಟಿ ಸ್ವಲ್ಪಕ್ಕೆ ಎಡಗಡೆ ಮೂಗಿನ ಹೊಳ್ಳೆ ಒದ್ದೆ ಆಯ್ತು. ಚಮಚ ಇಟ್ಟೆ. ಎರಡು ನಿಮಿಷ ಕಳೆಯೋದ್ರೊಳಗೆ ಎದುರಿಗಿದ್ದ ಮೊಟ್ಟೆ ಮೇಲೆ ಆಸೆನೇ ಇಲ್ಲ. ಆವತ್ತು ಒತ್ತಲಿಲ್ಲ, ನೊರೆ ಬರಲಿಲ್ಲ. ನನ್ನ ಹಾಳೆಗಳಲ್ಲಿ ಮೂಗಿನ ವಿಷಯ ಎಲ್ಲೂ ಇರಲಿಲ್ಲ, ಇರಬೇಕಿತ್ತು ಅಂತಾನೂ ನಾನು ಹೇಳಲ್ಲ. ಇದು ದಿನಕ್ಕೆ ಐದಾರು ಸಲ ಆ ಸಣ್ಣ ಹೊಟ್ಟೆ ಇಟ್ಕೊಂಡು ತಟ್ಟೆ ಮುಂದೆ ಕೂತವರಿಗೆ ಮಾತ್ರ ಗೊತ್ತಾಗೋ ವಿಷಯ, ಅವರು ಬಾಯಿ ಬಿಟ್ಟು ಹೇಳಿದ್ರೆ ಮಾತ್ರ ಇನ್ನೊಬ್ಬರಿಗೆ ಸಿಗೋ ವಿಷಯ.

ಹಳಬರ ಹತ್ರ ಸಿಗೋ ಇನ್ನೊಂದು ದೊಡ್ಡ ವಸ್ತು ಅಂದ್ರೆ ಕಾಲದ ಲೆಕ್ಕ. ಯಾವುದು ಯಾವಾಗ ಬರತ್ತೆ, ಯಾವಾಗ ಹೋಗತ್ತೆ. ಹೊಸಬರಿಗೆ ಎಲ್ಲಾನೂ ಈಗ ಶುರುವಾಗಿ ಕೊನೇವರೆಗೂ ಹೀಗೇ ಇರತ್ತೆ ಅನ್ನೋ ಭಯ. ಮೊದಲ ಎರಡು ವಾರದಲ್ಲಿ 'ಯಾಕಾದ್ರೂ ಮಾಡಿಸಿಕೊಂಡೆನೋ' ಅಂತ ಅಳದೇ ಇರೋರು ಕಡಿಮೆ. ನೋವು, ಸುಸ್ತು, ಮನೆಯವರೆಲ್ಲ ಊಟಕ್ಕೆ ಕೂತಾಗ ಕೈಯಲ್ಲಿ ಒಂದು ಪುಟ್ಟ ಲೋಟ ಹಿಡ್ಕೊಂಡು ಪಕ್ಕದ ರೂಮಲ್ಲಿ ಕೂರೋದು, ಇಷ್ಟು ವರ್ಷ ಬೇಜಾರಾದಾಗ ಸಮಾಧಾನ ಮಾಡ್ತಿದ್ದ ಊಟ ಈಗ ಇಲ್ಲ, ಆ ಜಾಗದಲ್ಲಿ ಬೇರೆ ಏನೂ ಇನ್ನೂ ಬಂದಿಲ್ಲ. ಆಗ ಒಬ್ಬರು ಬಂದು ಪಕ್ಕ ಕೂತು "ನಂಗೂ ಹೀಗೇ ಆಗಿತ್ತು, ಮೆತ್ತಗಿನ ಊಟಕ್ಕೆ ಬಂದ ಮೇಲೆ ಹಗುರ ಆಯ್ತು, ಆಗದೇ ಇದ್ರೆ ಮುಚ್ಚಿಟ್ಕೋಬೇಡಿ, ಕೌನ್ಸೆಲರ್ ಹತ್ರ ಹೋಗಿ" ಅಂದ್ರೆ ಅದು ಕೊಡೋ ಧೈರ್ಯನೇ ಬೇರೆ. ಡಾಕ್ಟರ್ ಇದೇ ಮಾತು ಹೇಳಿರ್ತಾರೆ. ಆದ್ರೆ ಹೇಳ್ತಿರೋರು ಅದೇ ಹೊಟ್ಟೆ ಇಟ್ಕೊಂಡು ಎದುರಿಗೆ ನಗ್ತಾ ಕೂತಿರೋದು ಕಾಣಬೇಕು.

ಮೂರನೇ ವಾರದ ಹೊತ್ತಿಗೆ ತೂಕ ಇಳಿಯೋದು ನಿಂತುಬಿಡತ್ತೆ, ಬಹಳ ಜನಕ್ಕೆ. ಒಂದು ವಾರ, ಕೆಲವರಿಗೆ ಅದಕ್ಕಿಂತ ಜಾಸ್ತಿ, ತೂಕದ ಸ್ಕೇಲ್ ಅಲ್ಲಾಡಲ್ಲ. ದಿನಕ್ಕೆ ಇಷ್ಟೇ ಇಷ್ಟು ತಿಂತಿದೀನಿ, ಆದ್ರೂ ನಿಂತಿದೆ ಅಂದ್ರೆ ನನಗೆ ಈ ಸರ್ಜರಿ ಹಿಡೀಲೇ ಇಲ್ಲ ಅಂತ ಎದೆ ಒಡೆದು ಬರೋರನ್ನ ನಾನು ಪ್ರತೀ ಸಲ ನೋಡ್ತೀನಿ. ನಮ್ಮ ಗುಂಪಿನ ಒಬ್ಬ ಮೇಷ್ಟ್ರು, ಸ್ಲೀವ್ (ಹೊಟ್ಟೆಯ ಬಹುಭಾಗ ಕತ್ತರಿಸಿ ತೆಗೆದು ಸಣ್ಣದು ಮಾಡೋ ಸರ್ಜರಿ) ಆಗಿ ಆರು ವರ್ಷದ ಮೇಲಾಗಿದೆ, ಅವರು ಇದನ್ನ ಪಾಠದ ಹಾಗೆ ವಿವರಿಸ್ತಾರೆ. ಲಿವರ್‌ನಲ್ಲಿ, ಸ್ನಾಯುಗಳಲ್ಲಿ ಗ್ಲೈಕೋಜನ್ ಅಂತ ಸಕ್ಕರೆ ದಾಸ್ತಾನು ಇರತ್ತೆ, ಅದು ತನ್ನ ಜೊತೆ ಸುಮಾರು ಮೂರು ಪಟ್ಟು ನೀರು ಹಿಡಿದಿಟ್ಟುಕೊಂಡಿರತ್ತೆ. ಮೊದಲ ವಾರಗಳಲ್ಲಿ ಊಟ ಇಲ್ಲದೇ ಆ ದಾಸ್ತಾನು ಖಾಲಿ ಆಗಿ ನೀರೂ ಹೋಗತ್ತೆ, ಅದಕ್ಕೇ ತೂಕ ಸರಸರ ಇಳಿಯತ್ತೆ. ಆಮೇಲೆ ದೇಹ ಸ್ವಲ್ಪ ಸುಧಾರಿಸಿಕೊಂಡು ಮತ್ತೆ ನೀರು ತುಂಬಿಸಿಕೊಳ್ಳತ್ತೆ, ಒಳಗೆ ಕೊಬ್ಬು ಕರಗ್ತಾನೇ ಇದ್ರೂ ಹೊರಗೆ ಸ್ಕೇಲ್ ನಿಂತ ಹಾಗೆ ಕಾಣತ್ತೆ. "ಸ್ಕೇಲ್ ಎತ್ತಿ ಮಂಚದ ಕೆಳಗೆ ತಳ್ಳಿ, ಟೇಪ್ ತಗೊಂಡು ಸೊಂಟ ಅಳೀರಿ" ಅಂತಾರೆ ಮೇಷ್ಟ್ರು. ಅಳೆದವರು ಮುಂದಿನ ಸಲ ಬಂದಾಗ ಮುಖದಲ್ಲೇ ಗೊತ್ತಾಗತ್ತೆ.

ಕೂದಲೂ ಹಾಗೇ. ಮೂರು ನಾಲ್ಕು ತಿಂಗಳಿಗೆ ಬಾಚಣಿಗೆ ತುಂಬ, ದಿಂಬಿನ ಮೇಲೆ, ಬಚ್ಚಲ ಜಾಲರಿಯಲ್ಲಿ ಕೂದಲು. ದೇಹಕ್ಕೆ ದೊಡ್ಡ ಪೆಟ್ಟು ಬಿದ್ದಾಗ ಬಹಳಷ್ಟು ಕೂದಲು ಒಟ್ಟಿಗೇ ವಿಶ್ರಾಂತಿಗೆ ಹೋಗಿ ಕೆಲವು ತಿಂಗಳ ಮೇಲೆ ಒಟ್ಟಿಗೇ ಉದುರತ್ತೆ, ಸಾಮಾನ್ಯವಾಗಿ ವರ್ಷ ತುಂಬೋ ಹೊತ್ತಿಗೆ ತಿರುಗಿ ಬರತ್ತೆ. ಆದ್ರೆ ಹಳಬರು ಇಲ್ಲಿ ಒಂದು ಮಾತು ಸೇರಿಸ್ತಾರೆ: ಪ್ರೋಟೀನ್ ನಿಜವಾಗ್ಲೂ ಸರಿಯಾಗಿ ಹೋಗ್ತಿದೆಯಾ ಬರೆದಿಟ್ಟು ನೋಡಿ, ಮತ್ತೆ ವರ್ಷ ಕಳೆದ್ರೂ ಉದುರ್ತಾನೇ ಇದ್ರೆ ಐರನ್, ಜಿಂಕ್ ಟೆಸ್ಟ್ ಮಾಡಿಸಿ, ಆಗ ಅದು ಸರ್ಜರಿ ಪೆಟ್ಟಿನದಲ್ಲ.

ಇಷ್ಟು ಹೇಳಿದ ಮೇಲೆ ನಾನು ನಿಜವಾಗಿ ಬರೀಬೇಕು ಅಂತ ಕೂತ ವಿಷಯಕ್ಕೆ ಬರ್ತೀನಿ. ಅನುಭವ ಇರೋರ ಮಾತು ಕೇಳಿ ಅಂತ ಎಲ್ಲರೂ ಹೇಳ್ತಾರೆ, ಯಾರ ಅನುಭವ ಅನ್ನೋದನ್ನ ಹೇಳಲ್ಲ. ಗುಂಪಿನಲ್ಲಿ ಜೋರಾಗಿ ಮಾತಾಡೋರು, ಫೋಟೋ ತೋರಿಸೋರು, ಎಲ್ಲರಿಗೂ ಸಲಹೆ ಕೊಡೋರು ಸಾಮಾನ್ಯವಾಗಿ ಆರನೇ ತಿಂಗಳಿಂದ ಒಂದೂವರೆ ವರ್ಷದ ಒಳಗಿನವರು. ಅವರ ಸಂತೋಷ ನಿಜವಾದ್ದು, ಅದನ್ನ ನಾನು ಕಡಿಮೆ ಮಾಡ್ತಿಲ್ಲ. ಆದ್ರೆ ಮೊದಲ ವರ್ಷ ಅರ್ಧಕ್ಕರ್ಧ ಕೆಲಸ ಸರ್ಜರಿನೇ ಮಾಡ್ತಿರತ್ತೆ. ಸ್ಲೀವ್‌ನಲ್ಲಿ ಹೊಟ್ಟೆಯ ಮುಕ್ಕಾಲು ಭಾಗಕ್ಕಿಂತ ಸ್ವಲ್ಪ ಹೆಚ್ಚೇ ತೆಗೆದಿರ್ತಾರೆ, ಹಸಿವು ಹುಟ್ಟಿಸೋ ಘ್ರೆಲಿನ್ ಹಾರ್ಮೋನ್ ಹೆಚ್ಚಾಗಿ ತಯಾರಾಗೋ ಜಾಗ ಅದರ ಜೊತೆಗೇ ಹೋಗಿರತ್ತೆ. ಹಸಿವೇ ಇಲ್ಲದಾಗ ಶಿಸ್ತು ಸುಲಭ. ಆಗ 'ನಾನು ಹೀಗೆ ಮಾಡಿದೆ, ಇಳೀತು' ಅಂತ ಹೇಳೋದ್ರಲ್ಲಿ ಅವರು ಮಾಡಿದ್ದೆಷ್ಟು, ಆಪರೇಷನ್ ಮಾಡಿದ್ದೆಷ್ಟು ಅಂತ ಅವರಿಗೂ ತಿಳಿಯೋಕೆ ಬರಲ್ಲ.

ಐದು ವರ್ಷ ದಾಟಿದವರು ಬೇರೆ ಥರ ಮಾತಾಡ್ತಾರೆ. ಹಸಿವು ವಾಪಸ್ ಬಂದಿರತ್ತೆ, ತಟ್ಟೆ ಸ್ವಲ್ಪ ದೊಡ್ಡದಾಗಿರತ್ತೆ, ಜೀವನ ತನ್ನ ಪಾಡಿಗೆ ಕಾಯಿಲೆ ಕಸಾಲೆ, ಕೆಲಸದ ಒತ್ತಡ, ಸಾವು ನೋವು ಎಲ್ಲಾ ತಂದಿರತ್ತೆ, ಅದ್ರ ನಡುವೆ ಇವರು ಈ ಹೊಟ್ಟೆ ಇಟ್ಕೊಂಡು ಬದುಕಿದಾರೆ. ಅವರು ಹೇಳೋದು ಕೇಳೋಕೆ ಸಪ್ಪೆ ಅನ್ಸತ್ತೆ. ಪ್ರೋಟೀನ್ ಮೊದಲು ತಿನ್ನು. ಕುಡಿಯೋ ಕ್ಯಾಲೊರಿ ಬಿಡು. ಅದೂ ಇದೂ ಬಾಯಾಡಿಸ್ತಾ ಕೂರಬೇಡ, ಮೆತ್ತಗಿನದು, ಗರಿಗರಿ ಪುಡಿ ಆಗೋದು ಎಲ್ಲ ಸಲೀಸಾಗಿ ಜಾರಿ ಹೋಗತ್ತೆ, ಹೊಟ್ಟೆ ತಡೆಯಲ್ಲ. ವಾರಕ್ಕೊಂದು ಸಲ ತೂಕ ನೋಡು, ಜಾಸ್ತಿ ಆಗಿದ್ರೂ ನೋಡು. ರಕ್ತ ಪರೀಕ್ಷೆ ತಪ್ಪಿಸಬೇಡ. ಇಷ್ಟೇ. ಆದ್ರೆ ಇದನ್ನ ಹಸಿವು ಇರೋ ದೇಹದಲ್ಲಿ ವರ್ಷಗಟ್ಟಲೆ ಮಾಡಿ ಹೇಳ್ತಿದಾರೆ.

ಸ್ವೀಡನ್‌ನಲ್ಲಿ 1987ರಲ್ಲಿ ಶುರುವಾದ ಒಂದು ಅಧ್ಯಯನ ಇದೆ, ಸರ್ಜರಿ ಮಾಡಿಸಿಕೊಂಡ ಸುಮಾರು 2000 ಜನರನ್ನ ದಶಕಗಳ ಕಾಲ ಹಿಂಬಾಲಿಸಿದ್ದು. ಅದ್ರಲ್ಲಿ ಬೈಪಾಸ್ ಆದವರು ಮೊದಲ ಒಂದೆರಡು ವರ್ಷದಲ್ಲಿ ಸರಾಸರಿ ತಮ್ಮ ತೂಕದ ಶೇಕಡಾ 32ರಷ್ಟು ಇಳಿದಿದ್ರು, ಹತ್ತು ವರ್ಷಕ್ಕೆ ಅದು ಶೇಕಡಾ 25ಕ್ಕೆ ಬಂದು ನಿಂತಿತ್ತು. ಅಂದ್ರೆ ಸ್ವಲ್ಪ ತಿರುಗಿ ಬರೋದು ಸಾಮಾನ್ಯ, ಬಹುಪಾಲು ಉಳಿಯೋದೂ ಸಾಮಾನ್ಯ. ಈ ಎರಡನ್ನೂ ಒಟ್ಟಿಗೆ ಒಪ್ಪಿಕೊಂಡು ನೆಮ್ಮದಿಯಾಗಿರೋದನ್ನ ಒಂದನೇ ವರ್ಷದವರ ಹತ್ರ ಕಲಿಯೋಕೆ ಆಗಲ್ಲ, ಅವರು ಇನ್ನೂ ಅಲ್ಲಿಗೆ ಹೋಗಿಲ್ಲ.

ಇನ್ನೊಂದು, ಯಾವ ಸರ್ಜರಿ ಅಂತ ಕೇಳದೇ ಸಲಹೆ ತಗೋಬಾರದು. ಸ್ಲೀವ್ ಬೇರೆ, ಬೈಪಾಸ್ ಬೇರೆ. ಸ್ಲೀವ್ ಆದವರು "ನಾನು ಒಂದು ಕಪ್ ಐಸ್‌ಕ್ರೀಮ್ ತಿಂದೆ, ಏನೂ ಆಗಲಿಲ್ಲ" ಅಂದಿದ್ದು ಕೇಳಿ ಬೈಪಾಸ್ ಆದ ಒಬ್ಬ ಹುಡುಗಿ ತಾನೂ ತಿಂದು, ಇಪ್ಪತ್ತು ನಿಮಿಷಕ್ಕೆ ಎದೆ ಡವಡವ, ಬೆವರು, ಹೊಟ್ಟೆ ನುಲಿತ, ನೆಲದ ಮೇಲೆ ಮಲಗಿಬಿಟ್ಟಳು. ಸಕ್ಕರೆ ಸೀದಾ ಸಣ್ಣ ಕರುಳಿಗೆ ಇಳಿದಾಗ ಅದು ನೀರನ್ನ ಎಳಕೊಳ್ಳತ್ತೆ, ಅದಕ್ಕೆ ಡಂಪಿಂಗ್ ಅಂತಾರೆ. ಕೆಲವರಿಗೆ ಒಂದರಿಂದ ಮೂರು ಗಂಟೆ ಬಿಟ್ಟು ಇನ್ನೊಂದು ಥರ ಬರತ್ತೆ, ಇನ್ಸುಲಿನ್ ಜಾಸ್ತಿ ಹೊರಟು ಸಕ್ಕರೆ ಇಳಿದು ಕೈ ನಡುಗತ್ತೆ. ಸ್ಲೀವ್ ಆದವರಿಗೂ ಬರೋದುಂಟು, ಆದ್ರೆ ಬೈಪಾಸ್‌ನಲ್ಲಿ ಹೆಚ್ಚು. ನಮ್ಮ ಅಕ್ಕ ಹೊಸಬರು ಬಂದ ಕೂಡಲೇ ಹೆಸರಿಗಿಂತ ಮೊದಲು "ಯಾವುದು ಮಾಡಿಸಿದ್ದು, ಯಾವಾಗ" ಅಂತ ಕೇಳೋದು ಅದಕ್ಕೇ.

ವಿಟಮಿನ್ ವಿಷಯದಲ್ಲಂತೂ ಹಳಬರ ಮಾತು ಬಂಗಾರ. ಮೊದಲ ವರ್ಷ ಎಲ್ಲರೂ ನಿಯತ್ತಾಗಿ ನುಂಗ್ತಾರೆ. ಆಮೇಲೆ ಆರಾಮಾಗಿದೀನಲ್ಲ ಅಂತ ಬಿಡ್ತಾರೆ, ಬಿಟ್ಟ ತಕ್ಷಣ ಏನೂ ಆಗಲ್ಲ, ಅದೇ ಮೋಸ. ಬಿ12 ಲಿವರ್‌ನಲ್ಲಿ ವರ್ಷಗಟ್ಟಲೆ ಆಗೋವಷ್ಟು ಕೂಡಿಟ್ಟಿರತ್ತೆ, ಹೊಟ್ಟೆ ಆಸಿಡ್ ಕಡಿಮೆ ಆಗಿ ಹೊಸದು ಸರಿಯಾಗಿ ಸೇರದೇ ಹೋದ್ರೂ ಹಳೇದು ನಡೆಸಿಕೊಂಡು ಹೋಗತ್ತೆ. ಖಾಲಿ ಆದಾಗ ಗೊತ್ತಾಗೋದು. ನಮ್ಮಲ್ಲಿ ಒಬ್ಬರು ಪಾದ ಜೋಮು ಹಿಡಿಯತ್ತೆ, ಕತ್ತಲಲ್ಲಿ ನಡೆದ್ರೆ ತಡವರಿಸತ್ತೆ ಅಂತ ಬಂದಾಗ ಮೇಷ್ಟ್ರು ಮಾತು ಮುಗಿಯೋಕೂ ಬಿಡದೆ "ನಾಳೆ ಬೆಳಗ್ಗೆನೇ ಬಿ12 ಟೆಸ್ಟ್, ಡಾಕ್ಟರ್ ಹತ್ರ ಹೋಗಿ" ಅಂದ್ರು. ನರಕ್ಕೆ ಆದ ಪೆಟ್ಟು ತಡ ಆದ್ರೆ ಪೂರ್ತಿ ಸರಿ ಹೋಗದೇ ಇರಬಹುದು. ಆವತ್ತಿಂದ ನನ್ನ ಮಾತ್ರೆ ಡಬ್ಬಿ ಹಲ್ಲುಜ್ಜೋ ಬ್ರಷ್ ಪಕ್ಕ ಇದೆ. ಇನ್ನೂ ಸಣ್ಣ ಸಣ್ಣ ಸಂಗತಿಗಳು: ಕ್ಯಾಲ್ಸಿಯಂ ಸಿಟ್ರೇಟ್ ತಗೊಳ್ಳಿ, ಕಾರ್ಬೊನೇಟ್ ಕರಗೋಕೆ ಆಸಿಡ್ ಬೇಕು, ಅದೀಗ ಕಡಿಮೆ. ಐರನ್ನೂ ಕ್ಯಾಲ್ಸಿಯಂನೂ ಒಟ್ಟಿಗೆ ನುಂಗಬೇಡಿ, ಎರಡು ಗಂಟೆ ಅಂತರ ಬಿಡಿ, ಒಂದು ಇನ್ನೊಂದನ್ನ ಸೇರೋಕೆ ಬಿಡಲ್ಲ. ಡಯಟೀಷಿಯನ್ ಇದನ್ನೆಲ್ಲ ಹೇಳಿರ್ತಾರೆ. ಆದ್ರೆ ಬೆಳಗ್ಗೆ ಯಾವುದು, ಆಫೀಸಲ್ಲಿ ಯಾವುದು, ಮಲಗೋವಾಗ ಯಾವುದು, ಫೋನಲ್ಲಿ ಅಲಾರಾಂ ಯಾವ ಹೆಸರಲ್ಲಿ ಇಡೋದು ಅನ್ನೋದನ್ನ ಕೂತು ಹೊಂದಿಸಿಕೊಟ್ಟಿದ್ದು ಅಕ್ಕ.

ಒಳ್ಳೇ ಹಳಬರನ್ನ ಗುರುತಿಸೋಕೆ ನನ್ನ ಹತ್ರ ಒಂದೇ ಪರೀಕ್ಷೆ ಇದೆ. ತಮ್ಮ ಅನುಭವ ಎಲ್ಲಿಗೆ ಮುಗಿಯತ್ತೆ ಅಂತ ಅವರಿಗೆ ಗೊತ್ತಿರಬೇಕು. ಶುಗರ್ ಮಾತ್ರೆ, ಬಿಪಿ ಮಾತ್ರೆ ಎಷ್ಟು ಕಡಿಮೆ ಮಾಡ್ಲಿ ಅಂತ ಯಾರಾದ್ರೂ ಕೇಳಿದ್ರೆ ಅಕ್ಕ ಬಾಯಿನೇ ತೆಗೆಯಲ್ಲ, "ಅದು ನಿಮ್ಮ ಡಾಕ್ಟರ್ ಕೆಲಸ" ಅಂತ ಮುಗಿಸ್ತಾರೆ. ನೋವಿಗೆ ಯಾವ ಮಾತ್ರೆ ಅಂದ್ರೂ ಅದೇ, ಆದ್ರೆ ಅಲ್ಲಿ ಒಂದು ಎಚ್ಚರಿಕೆ ಕೊಡ್ತಾರೆ: ಬೈಪಾಸ್ ಆದವರಿಗೆ ಐಬುಪ್ರೊಫೆನ್, ಡೈಕ್ಲೊಫೆನಾಕ್ ಥರದ್ದು ಜೋಡಿಸಿದ ಜಾಗದಲ್ಲಿ ಹುಣ್ಣು ಮಾಡಬಹುದು, ಹಲ್ಲಿನ ಡಾಕ್ಟರ್ ಆಗ್ಲಿ ಮೂಳೆ ಡಾಕ್ಟರ್ ಆಗ್ಲಿ, ಯಾರ ಹತ್ರ ಹೋದ್ರೂ ಮೊದಲು ಸರ್ಜರಿ ಆಗಿದೆ ಅಂತ ಹೇಳಿ. ಇನ್ನು ಎರಡು ವಿಷಯಕ್ಕೆ ಅವರು ಯಾರನ್ನೂ ಮನೆಯಲ್ಲಿ ಕೂರೋಕೆ ಬಿಡಲ್ಲ. ದಿನಗಟ್ಟಲೆ ವಾಂತಿ ಆಗ್ತಿದ್ರೆ ಥಯಮಿನ್, ಅಂದ್ರೆ ಬಿ1, ಕೆಲವೇ ವಾರಗಳಲ್ಲಿ ಖಾಲಿ ಆಗತ್ತೆ, ಅದು ಮೆದುಳಿಗೆ ಪೆಟ್ಟು ಕೊಡತ್ತೆ. ಮತ್ತೆ ಬೈಪಾಸ್ ಆಗಿ ಎಷ್ಟು ವರ್ಷ ಆಗಿದ್ರೂ ಹೊಟ್ಟೆ ಹಿಂಡೋ ಹಾಗೆ ಬರೋ ಜೋರು ನೋವು, ಅದು ಒಳಗೆ ಕರುಳು ಸಂದಿನಲ್ಲಿ ಸಿಕ್ಕಿಹಾಕಿಕೊಂಡಿದ್ದೂ ಇರಬಹುದು, ಬೆಳಗಾಗೋವರೆಗೆ ಕಾಯೋ ನೋವಲ್ಲ ಅದು. "ಗ್ಯಾಸ್ ಇರಬಹುದು, ನಂಗೂ ಆಗಿತ್ತು, ಬಿಸಿನೀರು ಕುಡಿ" ಅನ್ನೋರು ಇಂಥಾ ಕಡೆ ಅಪಾಯ. ಅನುಭವದ ಹೆಸರಲ್ಲೇ ಆ ಮಾತು ಬರೋದ್ರಿಂದ ಇನ್ನೂ ಅಪಾಯ.

ಕುಡಿತದ ಬಗ್ಗೆನೂ ಹಳಬರು ಮಾತಾಡಬೇಕು, ಮುಜುಗರ ಬಿಟ್ಟು. ಬೈಪಾಸ್ ಆದ ಮೇಲೆ ಆಲ್ಕೋಹಾಲ್ ರಕ್ತಕ್ಕೆ ಬೇಗ ಏರತ್ತೆ, ಜಾಸ್ತಿ ಏರತ್ತೆ. 2012ರಲ್ಲಿ ಪ್ರಕಟವಾದ ಅಮೆರಿಕದ ಒಂದು ದೊಡ್ಡ ಅಧ್ಯಯನದಲ್ಲಿ ಕುಡಿತದ ಸಮಸ್ಯೆ ಹೆಚ್ಚಾಗಿ ಕಂಡಿದ್ದು ಎರಡನೇ ವರ್ಷದಲ್ಲಿ, ಅಂದ್ರೆ ಎಲ್ಲರೂ 'ಗೆದ್ರು' ಅಂತ ಚಪ್ಪಾಳೆ ತಟ್ಟಿ ಮುಗಿಸಿರೋ ಹೊತ್ತಲ್ಲಿ. ಊಟದಲ್ಲಿ ಸಮಾಧಾನ ಹುಡುಕ್ತಿದ್ದ ಮನಸ್ಸು ಇನ್ನೆಲ್ಲೋ ಹುಡುಕತ್ತೆ. ನಮ್ಮ ಗುಂಪಿನಲ್ಲಿ ಒಬ್ಬರು ತಮ್ಮದೇ ಕಥೆನ ಎದ್ದು ನಿಂತು ಹೇಳಿದ್ರು, ಅವರ ಮೇಲೆ ನನಗಿರೋ ಗೌರವ ಹೇಳಿ ತೀರಲ್ಲ.

ಬೇಸರದ ಸಂಗತಿ ಏನಂದ್ರೆ ನಮಗೆ ಹೆಚ್ಚು ಬೇಕಾದವರೇ ಗುಂಪಿಗೆ ಬರೋದು ನಿಲ್ಲಿಸ್ತಾರೆ. ಚೆನ್ನಾಗಿರೋರು ಇನ್ನೇನು ಬೇಕು ಅಂತ ಬಿಡ್ತಾರೆ, ತೂಕ ತಿರುಗಿ ಬಂದವರು ಮುಖ ತೋರಿಸೋಕೆ ನಾಚಿಕೆ ಅಂತ ಬಿಡ್ತಾರೆ. ಉಳಿಯೋದು ಮತ್ತೆ ಮೊದಲ ವರ್ಷದವರೇ. ಹೊಸಬರಿಗೆ ಆಗ ಕಾಣೋದು ಇಳಿಯೋ ಗೆರೆ ಒಂದೇ. ಅದಕ್ಕೇ ಅಕ್ಕ ಈಗ ಒಂದು ಕೆಲಸ ಹಿಡಿದಿದಾರೆ, ಎರಡು ಮೂರು ತಿಂಗಳು ಕಾಣದೇ ಇದ್ದವರಿಗೆ ತಾವೇ ಫೋನ್ ಮಾಡ್ತಾರೆ. ತೂಕ ಕೇಳಲ್ಲ. "ಊಟ ಹೇಗೆ ಹೋಗ್ತಿದೆ, ಟೆಸ್ಟ್ ಮಾಡಿಸಿದ್ರಾ" ಅಷ್ಟೇ ಕೇಳ್ತಾರೆ. ಹಾಗೆ ಫೋನ್ ಹೋದ ಮೇಲೆ ಹೋದ ತಿಂಗಳು ಒಬ್ಬರು ಬಂದ್ರು, ಸ್ಲೀವ್ ಆಗಿ ಹತ್ತಿರ ಹತ್ತಿರ ಒಂಬತ್ತು ವರ್ಷ, ಇಳಿದಿದ್ರಲ್ಲಿ ಮೂರನೇ ಒಂದು ಭಾಗ ವಾಪಸ್ ಬಂದಿದೆ. ಹಿಂದಿನ ಸಾಲಲ್ಲಿ ಕೂತಿದ್ರು. ಸ್ವಲ್ಪ ಹೊತ್ತಾದ್ಮೇಲೆ ತಾವೇ ಹೇಳೋಕೆ ಶುರು ಮಾಡಿದ್ರು: ಯಾವ ವರ್ಷದಿಂದ ಏರೋಕೆ ಶುರುವಾಯ್ತು, ಆಗ ಮನೆಯಲ್ಲಿ ಏನು ನಡೀತಿತ್ತು, ರಾತ್ರಿ ಹೊತ್ತು ಏನು ತಿಂತಿದ್ರು, ಡಾಕ್ಟರ್ ಹತ್ರ ಹೋಗೋಕೆ ಯಾಕೆ ಹೆದರಿದ್ರು, ಕೊನೆಗೆ ಹೋದಾಗ ಅವರು ಬೈಯಲಿಲ್ಲ, ಔಷಧಿ ಇದೆ, ಮತ್ತೆ ಡಯಟ್ ಸರಿ ಮಾಡೋಣ, ಬೇಕಿದ್ರೆ ಇನ್ನೊಂದು ಸರ್ಜರಿ ಬಗ್ಗೆನೂ ಯೋಚಿಸಬಹುದು ಅಂದ್ರು ಅಂತ. ಅವರ ಶುಗರ್ ಇವತ್ತಿಗೂ ಹತೋಟಿಯಲ್ಲೇ ಇದೆ, ಸರ್ಜರಿಗೆ ಮುಂಚೆ ಇನ್ಸುಲಿನ್ ಚುಚ್ಚಿಕೊಳ್ತಿದ್ದವರು. ಇನ್ನೂ ಎರಡು ವಾರವೂ ಆಗದ ಇಬ್ಬರು ಮುಂದಿನ ಸಾಲಿಂದ ಕುರ್ಚಿ ತಿರುಗಿಸಿಕೊಂಡು ಕೂತು ಅವರನ್ನ ಪ್ರಶ್ನೆ ಕೇಳಿದ್ದೇ ಕೇಳಿದ್ದು. ಮೀಟಿಂಗ್ ಮುಗಿದ ಮೇಲೆ ಅಕ್ಕ ಅವರ ನಂಬರನ್ನ ಆ ಇಬ್ಬರಿಗೂ ಕೊಡಿಸಿದ್ರು.